ಮೋಟಾರಿಗೊಂದು ಮಾಳಿಗೆ

ನಮ್ಮ ಯಜಮಾನರು ತಮ್ಮದು ತಪ್ಪಾಯಿತೆಂದು ಇಡೀ ಜನ್ಮದಲ್ಲಿ ಒಂದೇ ಒಂದು ಸಲ ಒಪ್ಪಿಕೊಂಡಿದ್ದಾರೆ. ಅದೂ ಯಾರ ಮುಂದೆ? ಒಂದು ಆಡಿನ ಮುಂದೆ! ಹೆಂಡತಿಯ ಮುಂದಲ್ಲ, ಹೆತ್ತ ತಾಯಿಯ ಮುಂದಲ್ಲ, ಆಡಿನ ಮುಂದೆ. ಅವರ ಹೆಸರು ನಾನು ಹೇಳುವುದಿಲ್ಲ. ಅವರು ಇದ್ದಾಗಲೇ ಹೇಳಲಿಲ್ಲ, ಈಗ ಹೇಳಿ ಏನು ಮಾಡುವುದಿದೆ? ನನಗೆ ಬರುವ ಅಕ್ಷರ ಅಷ್ಟಕ್ಕಷ್ಟೆ. ಆದರೂ ನಾನೇ ಬರೆಯುತ್ತಿದ್ದೇನೆ. ಬೇರೆಯವರು ಬರೆದರೆ ಸುಳ್ಳು ಬಹಳ ಸೇರಿಸುತ್ತಾರೆ. ನಾನು ಸ್ವಲ್ಪ ಮಾತ್ರ ಸೇರಿಸುತ್ತೇನೆ.

ನಿಜಾಮರ ರಾಜ್ಯ ಹೋಗಿ ಎರಡು ಮೂರು ವರ್ಷವಾಗಿತ್ತು. ಲಿಂಗಸುಗೂರಿನಲ್ಲಿ ಒಬ್ಬ ಜಾಗೀರದಾರರು ಮನೆ ಎತ್ತಿ ಹೈದರಾಬಾದಿಗೆ ಹೊರಟಿದ್ದರು. ಪಾತ್ರೆ, ಪಲ್ಲಂಗ, ಗಡಿಯಾರ ಎಲ್ಲ ಬಾಗಿಲ ಮುಂದೆ ಬಂದಿತ್ತು. ಅವುಗಳ ನಡುವೆ ಒಂದು ಮೋಟಾರು. ಬಾಡಿದ ಬದನೆಕಾಯಿಯ ಬಣ್ಣ. ತಲೆಯ ಮೇಲೆ ಮಡಚಿ ಹಿಂದಕ್ಕೆ ಹಾಕುವಂಥ ಬಟ್ಟೆಯ ಛತ್ತು. ಮಸ್ಕಿಯಿಂದ ನಮ್ಮವರು ಒಂದು ಪಲ್ಲಂಗ ನೋಡಿ ಬರುತ್ತೇನೆಂದು ಕಮಾನು ಕಟ್ಟಿದ ಸವಾರಿ ಬಂಡಿಯಲ್ಲಿ ಹೋದರು. ಬಂಡಿ, ಎತ್ತು ಎರಡನ್ನೂ ಅಲ್ಲಿಯೇ ಕೊಟ್ಟು, ಮೋಟಾರಿನಲ್ಲಿ ಬಂದರು. ಪಲ್ಲಂಗ ಎಲ್ಲಿ ಎಂದರೆ, "ಇದರಾಗ ಮಲಗಾಕೂ ಬರತೈತಿ" ಅಂದರು!

ತಂದ ನಾಲ್ಕನೆಯ ದಿನ ಪಕ್ಕದ ಮನೆಯ ಆಡು ಗೋಡೆಯ ಮೇಲಿಂದ ಆ ಬಟ್ಟೆಯ ಛತ್ತಿನ ಮೇಲೆ ಜಿಗಿಯಿತು. ಬಟ್ಟೆ ಪರ್‍ರೆಂದು ಹರಿದು ಆಡು ಹಿಂದಿನ ಸೀಟಿಗೆ ಇಳಿಯಿತು. ಇಳಿದದ್ದು ಗಾಬರಿ ಬೀಳಲೂ ಇಲ್ಲ; ಹರಿದ ಬಟ್ಟೆಯ ಅಂಚನ್ನು ಮೆಲ್ಲುತ್ತ ನಿಂತಿತ್ತು. ನಮ್ಮವರು ಸೊಂಟದ ಮೇಲೆ ಕೈಯಿಟ್ಟು ಅದನ್ನು ನೋಡಿದರು, ಅದು ಇವರನ್ನು ನೋಡಿತು. ಆಮೇಲೆ ಹೇಳಿದರು: "ತಪ್ಪು ನಿಂದಲ್ಲವ್ವ. ಬಟ್ಟಿ ನಂಬಿದ್ದು ನನ್ನ ತಪ್ಪು."

ಅವತ್ತಿನಿಂದ ಅವರ ತಲೆಯಲ್ಲಿ ಗಟ್ಟಿ ಛತ್ತು ಹೊಕ್ಕಿತು. ಹೊಕ್ಕಿತು, ಆದರೆ ಒಂದು ವರ್ಷ ಅಲ್ಲೇ ಉಳಿಯಿತು. ಅದನ್ನು ಹೊರಗೆ ಎಳೆದದ್ದು ನನ್ನ ತಲೆ.

ಮುಂದಿನ ದೀಪಾವಳಿಗೆ ನನಗೆ ವಿಷಮ ಜ್ವರ ಬಂತು. ಇಪ್ಪತ್ತೊಂದು ದಿನ ಮಲಗಿದೆ. ಸಾಯಲಿಲ್ಲ. ಜ್ವರ ಬರಿಗೈಯಲ್ಲಿ ಹೋಗಲು ಒಪ್ಪದೆ ಕೂದಲು ತೆಗೆದುಕೊಂಡು ಹೋಯಿತು. ಮೊಣಕಾಲಿಗೆ ಬೀಳುವ ಜಡೆ ಇತ್ತು ಎಂದು ಎಲ್ಲ ಮುದುಕಿಯರೂ ಹೇಳುತ್ತಾರೆ. ನನ್ನದು ಭುಜದವರೆಗೆ ಇತ್ತು, ಅಷ್ಟೆ. ಅದೂ ಸಂಕ್ರಾಂತಿಯ ಹೊತ್ತಿಗೆ ಪೂರ್ತಿ ಉದುರಿ ತಲೆ ಸೋರೆಕಾಯಿಯಾಯಿತು. ಸೆರಗು ಹೊದ್ದರೆ ಮುಗಿಯಿತಲ್ಲ ಎನ್ನುತ್ತೀರಿ. ಸೆರಗು ತಲೆಯ ಮೇಲೆ ನಿಲ್ಲಬೇಕಾದರೆ ಕೆಳಗೆ ಕೂದಲು ಬೇಕು! ಬೋಳು ತಲೆಯ ಮೇಲೆ ಅದು ಬೆಣ್ಣೆ ಜಾರಿದಂತೆ ಜಾರುತ್ತದೆ. ಪಿನ್ನು ಚುಚ್ಚೋಣವೆಂದರೆ ಯಾತಕ್ಕೆ ಚುಚ್ಚಲಿ, ಚರ್ಮಕ್ಕೆ?

ಒಂದು ದಿನ ಬಾವಿಯ ಕಟ್ಟೆಯಲ್ಲಿ ಹಾಗೆಯೇ ಜಾರಿತು.

"ಯಾವ ದೇವರಿಗೆ ಮುಡಿ ಕೊಟ್ಟೀಬೇ?" ಅಂತ ಒಬ್ಬಳು ಕೇಳಿದಳು.

"ಜ್ವರದ ದೇವರಿಗೆ" ಅಂದೆ. ಅದಕ್ಕೆ ನಗಬಹುದಿತ್ತು, ನಕ್ಕರು. ಆದರೆ ಇನ್ನೊಬ್ಬಳು ಹಗ್ಗ ಸುತ್ತುತ್ತ, "ಗಂಡ ಗುಂಡುಕಲ್ಲಿನಂಗ ಕುಂತಾನ. ಮುತ್ತೈದಿಗೆ ಇಂಥಾ ತಲಿ ಛಂದಲ್ಲ ಬಿಡವ್ವ" ಅಂದಳು. ಆ ಕೊಡ ಮನೆಗೆ ತಂದು ಇಟ್ಟವಳು ಮತ್ತೆ ಹೊಸ್ತಿಲು ದಾಟಲಿಲ್ಲ.

ಅಷ್ಟರಲ್ಲಿ ಮುದಗಲ್ಲಿನಿಂದ ತಮ್ಮನ ಕಾಗದ ಬಂತು. ನನ್ನ ಕಡೆಯ ತಂಗಿಯ ಮದುವೆ, ವೈಶಾಖದಲ್ಲಿ. ನಮ್ಮವ್ವ ಸತ್ತಾಗ ಅದು ಕೈಗೂಸು. ನಾನು ಮದುವೆಯಾಗಿ ಬರುವ ತನಕ ನನ್ನ ಟೊಂಕದ ಮೇಲೆಯೇ ಬೆಳೆದದ್ದು. ಕಾಗದದ ಕೊನೆಗೆ ತನ್ನ ಮಾತನ್ನೂ ಬರೆಸಿದ್ದಳು: "ಅಕ್ಕ ಬರದಿದ್ದರೆ ನಾನು ಹಸೆಮಣೆ ಏರುವುದಿಲ್ಲ."

"ಬಸ್ಸಿನ್ಯಾಗ ನೂಕಾಡತಾರ, ಹತ್ತಂಗಿಲ್ಲ. ನಿಮ್ಮ ಬಯಲು ಮೋಟಾರಿನ್ಯಾಗ ಗಾಳಿ, ಕೂಡಂಗಿಲ್ಲ. ಬಂಡಿ ನೀವು ಇಟ್ಟಿಲ್ಲ. ನಾ ಹೋಗಂಗಿಲ್ಲ" ಎಂದು ಗಂಡನಿಗೆ ಹೇಳಿ ಒಳಗೆ ಹೋಗಿ ಜೋಳ ಬೀಸಿದೆ. ಎರಡು ಸೇರು ಬೀಸಬೇಕಾದ ಕಡೆ ಎಂಟು ಸೇರು ಬೀಸಿದೆ.

ಯಾರದಾದರೂ ಬಂಡಿ ಕೇಳಿ ತರಬಹುದಿತ್ತು. ಮನೆಯ ಮುಂದೆ ಮೋಟಾರು ನಿಲ್ಲಿಸಿಕೊಂಡು ಪರರ ಬಂಡಿ ಕೇಳುವುದೇ? ಅವರ ಮೀಸೆ ಒಪ್ಪಲಿಲ್ಲ. ಬೀಸುವ ಕಲ್ಲಿನ ತನಕ ಬಂದು ಹೇಳಿದರು: "ಗಟ್ಟಿ ಛತ್ತು ಹಾಕಸ್ತೀನಿ. ಗಾಳಿ ಅಲ್ಲ, ಗಾಳಿ ಅಪ್ಪ ಬಂದರೂ ನಿನ್ನ ಸೆರಗು ಮುಟ್ಟಂಗಿಲ್ಲ. ಹಿಟ್ಟು ಸಾಕು ಮಾಡು."

ಶುರುವಾಯಿತು ಓಟ! ಛತ್ತು ಮುಂದೋ, ಕೂದಲು ಮುಂದೋ? ಒಳಗೆ ಅತ್ತೆ ಸೋಮವಾರಕ್ಕೊಮ್ಮೆ ಎಣ್ಣೆ ಹಚ್ಚಿ ನನ್ನ ತಲೆಯನ್ನು ಬೆರಳಿನಿಂದ ಅಳೆಯುವರು. ಹೊರಗೆ ಅವರ ಮಗ ಮೋಟಾರನ್ನು ಗೇಣಿನಿಂದ ಅಳೆಯುವರು. ಸಿಕಂದರಾಬಾದಿನ ಮೋಟಾರು ಅಂಗಡಿಯೊಂದಕ್ಕೆ ಬರೆದು ಕೇಳಿದ್ದರು. ಈ ನಮೂನೆ ಗಾಡಿಗೆ ಗಟ್ಟಿ ಛತ್ತು ಕಂಪನಿಯೇ ಮಾಡಿಲ್ಲ, ನೀವೂ ಮಾಡಬೇಡಿ ಎಂದು ಉತ್ತರ ಬಂತು. "ಕಂಪನಿಗೆ ತಿಳೀಲಿಲ್ಲ, ಪಾಪ" ಅಂದರು ನಮ್ಮವರು.

ಮಸ್ಕಿಯ ಮುದುಕ ಬಡಿಗೇರನನ್ನು ಕರೆಸಿದರು. ಆತ ಜನ್ಮವಿಡೀ ಮಾಡಿದ್ದು ಮನೆಗಳ ಮಾಳಿಗೆ. ತೊಲೆ ಇಡು, ಜಂತಿ ಹಾಸು, ಮೇಲೆ ಮಣ್ಣು ಹಾಕು. ಮೋಟಾರಿನ ಸುತ್ತ ಮೂರು ಸಲ ನಡೆದ, ನೂಲು ಹಿಡಿದು ಅಳೆದ, ಬೆರಳು ಎಣಿಸಿದ, ಮುಖ ಸಣ್ಣಗೆ ಮಾಡಿದ.

"ಗೌಡ್ರ, ಆಯ ಸರಿ ಇಲ್ರಿ."

ಮನೆ ಕಟ್ಟುವಾಗ ಉದ್ದ ಅಗಲ ಗುಣಿಸಿ, ಭಾಗಿಸಿ, ಆಯ ನೋಡುತ್ತಾರಲ್ಲ, ಶುಭವೋ ಅಶುಭವೋ ಎಂದು? ಅದನ್ನು ಈ ಪುಣ್ಯಾತ್ಮ ಮೋಟಾರಿಗೆ ನೋಡಿದ್ದ!

"ಯಾವ ಆಯ ಬಂತು?"

"ಖರಾಯ ಬಂತ್ರಿ. ಅಂದ್ರ ಕತ್ತಿ. ಈ ಅಳತಿಗೆ ಛತ್ತು ಮಾಡಿದ್ರ ಕೆಳಗ ಕುಂತವರು ಉದ್ಧಾರ ಆಗಂಗಿಲ್ಲ. ಸುತ್ತ ಒಂದೊಂದು ಗೇಣು ಹೊರಗ ಬಿಟ್ಟರ ಗಜಾಯ ಬರತೈತ್ರಿ. ಆನಿ!"

ನಾನು ಬಾಗಿಲ ಹಿಂದಿನಿಂದ, "ಮೋಟಾರು ಓಡಬೇಕೋ, ಇಲ್ಲಾ ವಾಸ್ತುಶಾಂತಿ ಊಟ ಹಾಕಸಬೇಕೋ, ಮೊದಲು ಕೇಳ್ರಿ" ಅಂದೆ. ಯಾರು ಕೇಳಬೇಕು? ಕತ್ತೆ, ಆನೆ ಎರಡನ್ನೂ ಮುಂದೆ ನಿಲ್ಲಿಸಿದರೆ ನಮ್ಮವರು ಆರಿಸುವುದು ಯಾವುದನ್ನು?

ತಿಂಗಳು ಹಿಡಿಯಿತು. ತೇಗದ ಎರಡು ತೊಲೆ, ಒಂಬತ್ತು ಜಂತಿ, ಮೇಲೆ ಹಲಗೆ, ನಡುವೆ ಒಂದು ಬೆಳಕಿಂಡಿ! ಬೇವಿನ ಸೊಪ್ಪು ಕಟ್ಟಿ, ಕಾಯಿ ಒಡೆದು, ಎಂಟು ಜನ "ಹರಹರ ಮಹಾದೇವ" ಎಂದು ಎತ್ತಿ ಮೋಟಾರಿನ ಮೇಲೆ ಇಟ್ಟರು. ಮೋಟಾರು ಒಂದು ಸಲ ನರಳಿ ಎಮ್ಮೆಯ ಹಾಗೆ ನೆಲಕ್ಕೆ ಕುಳಿತುಬಿಟ್ಟಿತು. ಚಾವಿ ತಿರುವಿದರೆ ಕೆಮ್ಮಿತೇ ಹೊರತು ಏಳಲಿಲ್ಲ.

ಜನವೆಲ್ಲ ನಮ್ಮವರ ಮುಖ ನೋಡಿತು. "ಛತ್ತು ಬರೋಬರಿ ಐತಿ" ಅಂದರು ಅವರು. "ಗಾಡೀನ ಅಶಕ್ತ ಐತಿ."

ಆ ಛತ್ತು ಆಮೇಲೆ ಕರುಗಳ ಕೊಟ್ಟಿಗೆಗೆ ಹೋಯಿತು. ಮಸ್ಕಿಯಲ್ಲಿ ಬೆಳಕಿಂಡಿ ಇದ್ದ ಕರುಗಳು ನಮ್ಮವೇ. ಅಷ್ಟರಲ್ಲಿ ನನ್ನ ಕೂದಲು ಒಂದು ಬೆರಳು ಬಂದಿತ್ತು. ಓಟದಲ್ಲಿ ನಾನೇ ಮುಂದಿದ್ದೆ! ಆದರೆ ಒಂದು ಬೆರಳಿನ ಕೂದಲು ಮುಳ್ಳುಹಂದಿಗೆ ಛಂದ, ಮದುವೆಗೆ ಹೋಗುವ ಅಕ್ಕನಿಗಲ್ಲ. ಮದುವೆಗೆ ಉಳಿದದ್ದು ಒಂದೂವರೆ ತಿಂಗಳು.

ಈ ಸಲ ಹಗುರ ಕಟ್ಟಿಗೆಯ ಚೌಕಟ್ಟು ಮಾಡಿಸಿದರು. ಆದರೂ ಬಡಿಗೇರ ಗಜಾಯ ಬಿಡಲಿಲ್ಲ. ಸುತ್ತ ಒಂದು ಗೇಣಿನ ಸೂರು ಹಾಗೆಯೇ ಉಳಿಯಿತು. ಅದಕ್ಕೆ ತಗಡು ಹೊದಿಸಲು ಸಿಂಧನೂರಿಗೆ ಒಯ್ದು, ಕೊಡ, ಡಬ್ಬಿ ಮಾಡುವ ಒಬ್ಬ ತಗಡಿನ ಚಾಚಾನ ಮುಂದೆ ಇಟ್ಟರು. ಅಲ್ಲಿ ನಡೆದದ್ದನ್ನು ಅವರೇ ಬಂದು ಹೇಳಿದ್ದು.

"ಗೌಡ್ರ, ಇಷ್ಟು ದೊಡ್ಡ ಡಬ್ಬಿ ನಾ ಜಿಂದಗಿನ್ಯಾಗ ಮಾಡಿಲ್ರಿ. ಮುಚ್ಚಳ ಎಲ್ಲಿ ಇಡಲಿ?"

"ಇದ ಮುಚ್ಚಳ."

"ಮತ್ತ ಡಬ್ಬಿ?"

"ಹೊರಗ ರಸ್ತಾದಾಗ ನಿಂತೈತಿ ನೋಡು!"

ನಾಲ್ಕು ಮೂಲೆಗೆ ನಾಲ್ಕು ಬೋಲ್ಟು ಹಾಕಿ ಬಿಗಿಸಿದರಂತೆ. ಎಂಟು ಹಾಕೋಣ ಎಂದನಂತೆ ಚಾಚಾ. "ನಾಕು ಸಾಕು. ಗಜಾಯದ ಛತ್ತು, ಆನಿ ಜಗ್ಗಿದರೂ ಬರಂಗಿಲ್ಲ" ಎಂದು ಇವರು ಚೈತ್ರದ ನಡು ಮಧ್ಯಾಹ್ನ ಸಿಂಧನೂರಿನಿಂದ ಹೊರಟು ಮಸ್ಕಿ ಮುಟ್ಟಿದರು. ಇಳಿದಾಗ ಬೇಯಿಸಿದ ಗೆಣಸಿನ ಹಾಗೆ ಕಾಣುತ್ತಿದ್ದರು. ಅತ್ತೆ ಛತ್ತಿಗೆ ಕೈ ತಾಗಿಸಿ ಚಟ್ಟನೆ ಹಿಂದಕ್ಕೆ ತೆಗೆದು, "ಏ ಮಗನ, ಇದರ ಮ್ಯಾಲ ರೊಟ್ಟಿ ಬಡದು ಹಾಕಬೌದಲ್ಲೋ" ಅಂದರು.

"ಬಿಸಿ ಏನಿಲ್ಲವ್ವ. ಬೆಚ್ಚಗ ಐತಿ."

ಚೈತ್ರದಲ್ಲಿ ಬೆಚ್ಚಗೆ! ಕಡೆಗೆ ನಾನೇ ಅತ್ತೆಯ ಹಳೆಯ ಸೀರೆಗಳನ್ನು ಹಾಸಿ ಒಂದು ಕೌದಿ ಹೊಲಿದು ಛತ್ತಿನ ಒಳಮೈಗೆ ಮೊಳೆ ಹೊಡೆಸಿ ಕೂಡಿಸಿದೆ. ಅವರ ಹುಚ್ಚಿಗೆ ನಾನು ಹಾಕಿದ ಹೊಲಿಗೆ ಅದೊಂದೇ. ಏಕೆ ಹಾಕಿದೆ? ನನಗೂ ಹೋಗಬೇಕಿತ್ತಲ್ಲ!

ಊರಿನಲ್ಲಿ ಆ ಸೂರಿಗೆ ಬಹಳ ಗಿರಾಕಿ. ಹೋಟೆಲಿನ ಮುಂದೆ ಮೋಟಾರು ನಿಲ್ಲಿಸಿದರೆ ನೆರಳಿಗೆ ಎರಡೂ ಕಡೆ ನಾಲ್ಕು ನಾಲ್ಕು ಜನ ಬಂದು ಕೂಡುತ್ತಿದ್ದರು. ಒಂದು ದಿನ ಇವರು ಗಾಡಿ ಚಾಲೂ ಮಾಡಿ ಹೊರಟಾಗ, ಪಕ್ಕದಲ್ಲಿ ಮಲಗಿದ್ದ ಮುದುಕನೊಬ್ಬ ಬಿಸಿಲಿಗೆ ಕಣ್ಣು ಬಿಟ್ಟು, "ಲೇ, ನೆಳ್ಳು ತಗೊಂಡು ಎಲ್ಲಿಗೆ ಹೊಂಟೀಲೇ!" ಎಂದು ಕೂಗಿದ.

ಮದುವೆಯ ಹಿಂದಿನ ದಿನ ನಸುಕಿನಲ್ಲಿ ಹೊರಟೆವು. ಹಿಂದೆ ನಾನು ಮತ್ತು ಉಂಡಿಯ ಬುಟ್ಟಿಗಳು, ಮುಂದೆ ಅವರು. ನನ್ನ ಕೂದಲು ಎರಡು ಬೆರಳು. ಆದರೂ ಹೇಳಬೇಕು: ಲಿಂಗಸುಗೂರು ದಾಟುವ ತನಕ ಸೆರಗು ಒಂದು ಎಳೆ ಅಲುಗಲಿಲ್ಲ. ಎಷ್ಟೋ ತಿಂಗಳ ಮೇಲೆ ಗಿಡ, ಹೊಲ, ಕುರಿ ನೋಡುತ್ತ ಕುಳಿತಿದ್ದೆ.

"ಹೆಂಗೈತಿ?" ಎಂದು ಅವರು ತಿರುಗಿದರು.

"ರಸ್ತಾ ನೋಡ್ರಿ."

ಅಷ್ಟಕ್ಕೇ ಉಬ್ಬಿಹೋದರು. ಮುದಗಲ್ಲಿನ ದಾರಿಯಲ್ಲಿ ಎದುರುಗಾಳಿ ಎದ್ದಿತ್ತು, ಧೂಳು ಹಾರುತ್ತಿತ್ತು. "ಈಗ ನೋಡು ಮಜಬೂತಿ" ಎಂದು ಓಡಿಸಿದರು ನೋಡಿ! ಗಾಳಿ ಆ ಸೂರಿನ ಕೆಳಗೆ ಕೈ ಹಾಕಿತು. ಟಣ್ ಎಂದು ಒಂದು ಬೋಲ್ಟು. ಟಣ್ ಎಂದು ಇನ್ನೊಂದು. ತಲೆಯ ಮೇಲೆ ಒಮ್ಮೆಲೇ ಬೆಳಕಾಯಿತು. ಕತ್ತೆತ್ತಿದರೆ ಛತ್ತು ನನ್ನ ಕೌದಿಯನ್ನೂ ಕಟ್ಟಿಕೊಂಡು ಹಂಚಿನ ಮೇಲಿನ ರೊಟ್ಟಿಯಂತೆ ಒಂದು ಸಲ ಮಗುಚಿ ಹೊಲದ ಕಡೆಗೆ ಹೋಗುತ್ತಿತ್ತು. ಸೆರಗು ಹೆಗಲಿಗೆ ಬಿತ್ತು. ಎರಡೂ ಕೈಯಿಂದ ತಲೆ ಹಿಡಿದುಕೊಂಡು ಕುಳಿತೆ.

ಅವರು ಗಾಡಿ ನಿಲ್ಲಿಸಿ ಕೂಳೆಯ ಹೊಲದಲ್ಲಿ ಓಡಿದರು. ಬರಿಗೈಯಲ್ಲಿ ಬಂದರು. ಬದುವಿನ ಕಲ್ಲಿಗೆ ಬಡಿದು ತಗಡು ಎರಡು ಮಡಿಕೆಯಾಗಿತ್ತಂತೆ.

"ಹಿಂದಕ್ಕ ತಿರುಗಸ್ರಿ" ಅಂದೆ. "ಆಕಿ ಹಸಿಮಣಿ ಏರಲಿ, ಬಿಡಲಿ. ಈ ತಲಿ ತಗೊಂಡು ನಾ ಊರಾಗ ಬರಂಗಿಲ್ಲ."

ಯಾವ ಮಾತಿಗೂ ಉತ್ತರ ಇಟ್ಟುಕೊಂಡಿರುವ ಮನುಷ್ಯ ಅವತ್ತು ತಲೆಗೆ ಕೈ ಹಾಕಿ ರುಮಾಲು ಬಿಚ್ಚತೊಡಗಿದರು.

ಇಲ್ಲೊಂದು ಮಾತು ಹೇಳಬೇಕು. ಅವತ್ತಿನ ತನಕ ಯಾರಿಗೂ ಹೇಳುವ ಹಾಗಿರಲಿಲ್ಲ. ನಮ್ಮವರ ತಲೆ ಬೋಳು. ಮದುವೆಯಾದ ಎರಡನೆಯ ವರ್ಷಕ್ಕೇ ಆಗಿದ್ದು. ನನಗೆ, ಅತ್ತೆಗೆ, ಕ್ಷೌರ ಮಾಡುವವನಿಗೆ, ಮೂವರಿಗೆ ಮಾತ್ರ ಗೊತ್ತಿತ್ತು. ಸ್ನಾನದ ಮನೆಯಿಂದ ರುಮಾಲು ಸುತ್ತಿಕೊಂಡೇ ಹೊರಗೆ ಬರುತ್ತಿದ್ದರು. ಅದೂ ಅಲ್ಲದೆ ನಮ್ಮ ಕಡೆ ಗಂಡಸು ಬರಿದಲೆಯಲ್ಲಿ ಬೀಗರ ಊರಿಗೆ ಹೋದನೆಂದರೆ ಮನೆಯಲ್ಲಿ ಯಾರೋ ಸತ್ತಿದ್ದಾರೆ ಎಂದೇ ಅರ್ಥ. ಆ ಮನುಷ್ಯ ಹತ್ತು ಮೊಳದ ರುಮಾಲನ್ನು ಮುಂದಿನ ಗಾಜಿನ ಚೌಕಟ್ಟಿಗೆ ಕಟ್ಟಿ, ಹಿಂದಕ್ಕೆ ಎಳೆದು, ಮತ್ತೆ ಮುಂದಕ್ಕೆ ತಂದು, ನನ್ನ ತಲೆಯ ಮೇಲೆ ಗುಡಾರ ಮಾಡಿದರು. ಬಿಸಿಲಿಗೆ ಅವರ ತಲೆ ತಾಮ್ರದ ತಂಬಿಗೆಯಂತೆ ಹೊಳೆಯುತ್ತಿತ್ತು. ಬಟ್ಟೆ ಹಾರದ ಹಾಗೆ ಅಷ್ಟು ನಿಧಾನ ಹೊಡೆದರೆಂದರೆ, ಒಂದು ಎತ್ತಿನ ಬಂಡಿ ನಮ್ಮನ್ನು ದಾಟಿ ಹೋಯಿತು.

ಮುದಗಲ್ಲಿನಲ್ಲಿ ಚಪ್ಪರದ ಮುಂದೆ ಇಳಿಯುತ್ತಲೇ ನನ್ನ ತಮ್ಮ ಇವರ ತಲೆ ನೋಡಿ ಬಿಳಿಚಿಕೊಂಡು ಓಡಿ ಬಂದ.

"ಮಾವಾ! ಯಾರು ಹೋದ್ರು?"

"ಛತ್ತು ಹೋತಪ್ಪ!" ಅಂದರು ಗಟ್ಟಿಯಾಗಿ. ಇಡೀ ಚಪ್ಪರ ನಕ್ಕಿತು. ಎಲ್ಲರೂ ಅವರ ಸುತ್ತ ಸೇರಿದರು. ಆ ಗದ್ದಲದಲ್ಲಿ ನಾನು ಗಾಡಿ ಇಳಿದು ಒಳಗೆ ಹೋದದ್ದು ಯಾರಿಗೂ ಗೊತ್ತಾಗಲಿಲ್ಲ. ತಂಗಿ ಓಡಿ ಬಂದು ಟೊಂಕಕ್ಕೆ ಕೈ ಸುತ್ತಿ ನಿಂತಳು. ಹಸೆಮಣೆಯನ್ನೂ ಏರಿದಳು, ಪಕ್ಕದಲ್ಲಿ ನಾನಿದ್ದೆ.

ಮೂರು ದಿನದ ಮದುವೆ. ಮೂರು ದಿನವೂ ಅವರು ಹೊರಗೆ ನಡುವಿನಲ್ಲಿ ಕುಳಿತು, ಛತ್ತು ಹಾರಿದ್ದನ್ನು ಕೈಯಾಡಿಸಿ ಹೇಳಿದ್ದೇ ಹೇಳಿದ್ದು. ಹೆಂಗಸರೂ ಕಿಟಕಿಯಲ್ಲಿ ಇಣುಕಿ ಆ ತಲೆ ನೋಡಿ ಬಾಯಿಗೆ ಸೆರಗು ಇಟ್ಟುಕೊಂಡು ನಗುವರು. ನನ್ನ ಸೆರಗಿನ ಕಡೆ ಒಬ್ಬರೂ ನೋಡಲಿಲ್ಲ. ಎರಡನೆಯ ದಿನ ಅಪ್ಪನ ಟ್ರಂಕಿನಿಂದ ಒಂದು ಹೊಸ ರುಮಾಲು ತೆಗೆದು, ಯಾರೂ ಇಲ್ಲದಾಗ ಹಿತ್ತಲಿಗೆ ಕರೆದು ಕೊಟ್ಟೆ.

"ಸಾಕು ನಗಿಸಿದ್ದು. ಸುತ್ತಿಕೊಳ್ರಿ."

ಅವರು ಅದನ್ನು ಮುಟ್ಟಲಿಲ್ಲ. ನನ್ನ ಸೆರಗು ಜಾರಿ ಕಿವಿಯ ತನಕ ಬಂದಿತ್ತು. ಎರಡು ಬೆರಳಿನಿಂದ ಮೇಲಕ್ಕೆ ಎಳೆದು ಸರಿ ಮಾಡಿದರು.

"ಈಗ ಬ್ಯಾಡ. ನೀ ಗಾಡಿ ಹತ್ತಿದ ಮ್ಯಾಲ ಕೊಡು."