ಕರ್ನಲ್ಲೂ ಚಟ್ನಿ ಡಬ್ಬಿಯೂ

ಎಂದಿನಂತೆ ಅಂದು ಬೆಳಿಗ್ಗೆಯೂ ದೋಸೆ ಹುಯ್ಯುತ್ತಾ ಯಜಮಾನರ ಕರ್ನಲ್ ಪುರಾಣ ಕೇಳುತ್ತಿದ್ದೆ. ಕರ್ನಲ್ ಎಂದರೆ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು; ಅದರ ಒಳಗೆ ಕೂತು ಮೆಮೊರಿ ಹಂಚುವ ಕೋಡು ಬರೆಯುವುದು ಅವರ ಕೆಲಸ. ಅಲ್ಲಿ ಎರಡು ಬಗೆಯ ವಿಳಾಸಗಳಂತೆ: ಮೆಮೊರಿಯ ಅಸಲಿ ವಿಳಾಸವೊಂದು, ಪ್ರೋಗ್ರಾಮುಗಳಿಗೆ ತೋರಿಸುವ ವಿಳಾಸ ಇನ್ನೊಂದು. ನೋಡಲು ಎರಡೂ ಬರೀ ಅಂಕಿ. ಒಂದು ಕೊಡಬೇಕಾದ ಕಡೆ ಇನ್ನೊಂದನ್ನು ಕೊಟ್ಟರೂ ತಡೆಯುವವರಿಲ್ಲ. ಮೆಷಿನ್ನು ಯಾರದೋ ಜಾಗದಲ್ಲಿ ಏನನ್ನೋ ಬರೆದು ಮಕಾಡೆ ಮಲಗುತ್ತದೆ. ಎರಡಕ್ಕೂ ಬೇರೆ ಬೇರೆ ಟೈಪು, ಅಂದರೆ ಬಗೆಯ ಗುರುತು, ಕೊಟ್ಟರೆ, ಅದಲುಬದಲಾದ ಕೋಡನ್ನು, ಅದನ್ನು ಓದಿ ಮೆಷಿನ್ನಿಗೆ ತಿಳಿಯುವಂತೆ ಮಾಡುವ ಕಂಪೈಲರ್ ಶುರುವಿನಲ್ಲೇ ಒಪ್ಪುವುದಿಲ್ಲ ಎಂಬುದು ಇವರ ವಾದ. ಟೀಮಿನ ಹಿರಿಯರು ಮಾತ್ರ, ಹುಷಾರಾಗಿ ಬರೆದರೆ ಸಾಕಲ್ಲ ಎನ್ನುತ್ತಾರಂತೆ.

"ಸರಿಯಾಗೇ ಹೇಳಿದ್ದಾರೆ," ಎಂದೆ. ನಾನು ಕಾನ್ವೆಂಟಿನಲ್ಲಿ ಓದಿದವಳು. ಹೊಲಿಗೆ ಕ್ಲಾಸಿನಲ್ಲಿ ಸಿಸ್ಟರು ನಾವು ಹಾಕಿದ ಹೂವನ್ನು ನೋಡುತ್ತಿರಲಿಲ್ಲ, ಬಟ್ಟೆ ತಿರುಗಿಸಿ ಹಿಂಬದಿಯ ಗಂಟು ನೋಡುತ್ತಿದ್ದರು.

"ಗಮನ ತಪ್ಪಿದ ದಿನ ಏನ್ಮಾಡ್ತೀಯ?"

"ನಂಗೆ ತಪ್ಪಲ್ಲ ರೀ."

ಆ ಹೆಮ್ಮೆಯಲ್ಲೇ ಚಟ್ನಿ ತುಂಬಿದೆ. ಅಮೆರಿಕದ ಸನ್ನಿವೇಲಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಮ್ಮ ದೇಶದವರ ಯಾವ ಫ್ರಿಜ್ಜು ತೆರೆದರೂ ಮೊಸರಿನ ಡಬ್ಬಿಗಳದೇ ಸಾಲು. ಮೊಸರೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅವುಗಳಲ್ಲಿರುತ್ತದೆ. ಅಂಥ ಒಂದೇ ಥರದ ಎರಡು ಡಬ್ಬಿಗಳಲ್ಲಿ ನಮಗೆ ಕಡಲೆಕಾಯಿ ಚಟ್ನಿ. ಪಕ್ಕದ ಮನೆಯ ನಸ್ರೀನ್ ಆಂಟಿಗೆ ಬರೀ ಕಾಯಿಯದು. ಅವರ ಮೊಮ್ಮಗಳು ಝೋಯಾಗೆ ಕಡಲೆಕಾಯಿ ಆಗುವುದಿಲ್ಲ. ನಾಲಿಗೆಗೆ ತಾಗಿದರೆ ಗಂಟಲು ಊದಿ ಉಸಿರು ಕಟ್ಟುತ್ತದೆ. ಆ ಮಗುವಿಗೆಂದೇ ಮಿಕ್ಸಿ ಜಾರನ್ನೂ ಬೇರೆ ಇಟ್ಟಿದ್ದೇನೆ. ಡಬ್ಬಿಯನ್ನು ಆಂಟಿಯ ಕೈಗೆ ಕೊಟ್ಟು ಬಂದೆ.

ಮಧ್ಯಾಹ್ನ ನಮ್ಮ ಡಬ್ಬಿ ತೆರೆದರೆ ಒಳಗೆ ಬೆಳ್ಳಗೆ ಕಾಯಿ ಚಟ್ನಿ.

ಆಂಟಿಗೆ ಫೋನು ಮಾಡಿದೆ, ಎತ್ತಲಿಲ್ಲ. ಓಡಿಹೋಗಿ ಬಾಗಿಲು ಬಡಿದೆ. ಒಳಗೆ ಸದ್ದಿಲ್ಲ, ಪಾರ್ಕಿಂಗಿನಲ್ಲಿ ಕಾರಿಲ್ಲ. ಹೊಸಿಲ ಬಳಿ ಝೋಯಾಳ ಒಂದು ಪುಟ್ಟ ಚಪ್ಪಲಿ ಮಗುಚಿ ಬಿದ್ದಿತ್ತು. ಅವಸರದಲ್ಲಿ ಎತ್ತಿಕೊಂಡು ಹೋದ ಮಗುವಿನ ಚಪ್ಪಲಿ ಹೀಗೇ ಬೀಳುತ್ತದೆ ಎನಿಸಿತು. ಇವರಿಗೆ ಫೋನು ಮಾಡಿದೆ. "ಬರ್ತಾ ಇದೀನಿ," ಎಂದರು, ಅಷ್ಟೇ. "ನೋಡಿದ್ಯಾ" ಎನ್ನಲಿಲ್ಲ. ಅಂದಿದ್ದರೆ ಜಗಳಕ್ಕಾದರೂ ಒಂದು ನೆಪ ಸಿಗುತ್ತಿತ್ತು. ಇಬ್ಬರೂ ಆ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂತೆವು.

ಸಂಜೆ ಕಾರು ಬಂತು. ಝೋಯಾ ಲೈಬ್ರರಿಯ ಪುಸ್ತಕಗಳನ್ನು ಅವುಚಿಕೊಂಡು ಜಿಗಿದಿಳಿದಳು. ನನಗೆ ಅಳು ತಡೆಯಲಾಗಲಿಲ್ಲ.

"ಅಯ್ಯೋ, ಫೋನು ಮಾಡಿದ್ರಾ? ಮನೇಲೇ ಬಿಟ್ಟೋಗಿದ್ದೆ. ಯಾಕಮ್ಮ ಅಳ್ತಿದ್ದೀರಿ?" ಎಂದರು ಆಂಟಿ ಕಾರಿನಿಂದ ಇಳಿಯುತ್ತಾ.

ತೊದಲುತ್ತಾ ಹೇಳಿದೆ. ಆಂಟಿ ಗಾಬರಿಯಾಗಲೇ ಇಲ್ಲ. "ಪಾಪು ತಿನ್ನೋದು ಅವಳ ಸ್ಟೀಲ್ ಡಬ್ಬೀಲಿ ಇರೋದು ಮಾತ್ರ. ಬೇರೇದ್ರಲ್ಲಿ ನಾನೇ ಕೊಟ್ರೂ ಬಾಯಿ ತೆಗೆಯಲ್ಲ. ಅಲ್ವೇನೇ?"

"ನಾಟ್ ಮೈ ಡಬ್ಬಾ," ಎಂದು ಝೋಯಾ ಕಟ್ಟುನಿಟ್ಟಾಗಿ ತಲೆಯಾಡಿಸಿದಳು. ಯಜಮಾನರು ಕಂಪೈಲರನ್ನೇ ಕಣ್ಣಾರೆ ಕಂಡವರಂತೆ ಆ ಮಗುವನ್ನು ನೋಡುತ್ತಾ ನಿಂತರು.

"ಮತ್ತೆ ಇಷ್ಟು ದಿನ ನಾನು ಕೊಟ್ಟ ಚಟ್ನಿ, ಆಂಟಿ?"

"ಅದು ಮಗನ ಜೊತೆ ಆಫೀಸಿಗೆ ಹೋಗುತ್ತೆ." ಆಂಟಿ ಬೀಗ ತೆಗೆದು, ಒಳಗಿದ್ದ ಫೋನನ್ನು ಎತ್ತಿಕೊಂಡು ನೋಡಿದರು. "ಓ, ಮೆಸೇಜು ಹಾಕಿದಾನೆ ನೋಡಿ. ನಿಮ್ಮ ಚಟ್ನಿಗೆ ಇವತ್ತೇ ಮೊದಲ ಸಲ ರುಚಿ ಬಂದಿದೆಯಂತೆ."