ಮದುವೆ ಕುದುರೆಯ ಲದ್ದಿ ಮತ್ತು ನಮ್ಮ ಮನೆಯ ಎರೆಹುಳುಗಳು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ, ನನಗೆ ಚೆನ್ನಾಗಿ ಹೇಳಲು ಬರುವುದಿಲ್ಲ. ಇದುವರೆಗೆ ನಾನು ಬರೆದದ್ದೆಂದರೆ ಲಗ್ನಪತ್ರಿಕೆಗಳ ಮೇಲಿನ ವಿಳಾಸ ಮಾತ್ರ. ಕೇಳುವವರು ನಗಲು ತಯಾರಾಗಿ ಕುಳಿತಾಗ ನಾನಿನ್ನೂ ಬಸ್ಸು ಎಲ್ಲಿಂದ ಹೊರಟಿತು ಎಂದು ವಿವರಿಸುತ್ತಿರುತ್ತೇನೆ ಎಂಬುದು ನನ್ನ ಹೆಂಡತಿಯ ದೂರು. ಆದರೆ ಕುದುರೆಯ ಲದ್ದಿ ಹೊತ್ತು ತಿರುಗುವವನಿಗೆ ಇಂಥವು ಆಗುತ್ತಲೇ ಇರುತ್ತವೆ. ಬರೆಯದಿದ್ದರೆ ಉಪಕಾರ ಮಾಡಿದವರನ್ನು ಮರೆತಂತಾಗುತ್ತದೆ.

ಲದ್ದಿ ಯಾಕೆ ಎಂಬುದನ್ನು ಹೇಳಬೇಕು. ಹುಮನಾಬಾದ ಹತ್ತಿರ ಹುಡಗಿ ಎಂಬ ಊರಿನಲ್ಲಿ ನಮ್ಮ ಮನೆಯ ಹಿಂದೆ ಎರೆಹುಳುಗಳ ತೊಟ್ಟಿ ಇದೆ. ಕೊಳೆತ ಸಗಣಿ, ಲದ್ದಿ ತಿಂದು ಅವು ಗೊಬ್ಬರ ಮಾಡಿಕೊಡುತ್ತವೆ. ಈ ಹುಳುಗಳನ್ನು ಕೊಟ್ಟವರು ನಿರ್ಣಾ ಊರಿನಲ್ಲಿರುವ ನನ್ನ ಹೆಂಡತಿಯ ಅಕ್ಕ. ತಮ್ಮಲ್ಲಿದ್ದ ಹುಳುಗಳಲ್ಲಿ ಅರ್ಧ ತೆಗೆದು, ಮಣ್ಣಿನ ಗಡಿಗೆಯಲ್ಲಿ ತುಂಬಿ, ತವರಿನ ಉಡಿ ತುಂಬಿದ ಹಾಗೆ ಕೊಟ್ಟರು. ಮನೆಗೆ ಬಂದ ಮೇಲೆ ಹೆಂಡತಿ ನನಗೆ ಹೇಳಿದಳು: "ಇವು ಸತ್ವು ಅಂದ್ರ ನಾ ಅಕ್ಕನ ಮನಿ ಹೊಸ್ತಿಲಾ ತುಳಿಯಂಗಿಲ್ಲ ನೋಡ್ರಿ."

ನಮ್ಮಲ್ಲಿ ದನಗಳಿಲ್ಲ. ಬಸವಕಲ್ಯಾಣದಲ್ಲಿ ಒಬ್ಬರು ಮದುವೆ ಮೆರವಣಿಗೆಗೆ ಬಿಳಿ ಕುದುರೆ ಬಾಡಿಗೆಗೆ ಕೊಡುತ್ತಾರೆ. ಅವರನ್ನು ಇನ್ನು ಮುಂದೆ ಕುದುರೆಯವರು ಎನ್ನುತ್ತೇನೆ. "ಒಯ್ರಿ, ಖುಷೀಲೆ ಒಯ್ರಿ," ಎಂದು ಅವರು ಲದ್ದಿಯನ್ನು ಪುಕ್ಕಟೆ ಕೊಟ್ಟರು.

ಬಿಸಿ ಚೀಲ

ತಾಜಾ ಲದ್ದಿ ರಾಶಿ ಬಿದ್ದರೆ ಒಳಗೆ ಕಾವು ಏರುತ್ತದೆ. ಆಗಲೇ ಹುಳುಗಳಿಗೆ ಹಾಕಿದರೆ ಬೆಂದುಹೋಗುತ್ತವೆ. ನೀರು ಚಿಮುಕಿಸುತ್ತ, ತಿರುವಿ ಹಾಕುತ್ತ, ಕಾವೆಲ್ಲ ಇಳಿಯುವವರೆಗೆ ವಾರಗಟ್ಟಲೆ ಕಾಯಬೇಕು. ಇದು ನನಗೆ ಗೊತ್ತಿತ್ತು. ಚೀಲದಲ್ಲಿ ಗಟ್ಟಿಯಾಗಿ ತುಂಬಿದರೂ ಕಾವು ಏರುತ್ತದೆ ಎಂಬುದು ಗೊತ್ತಿರಲಿಲ್ಲ.

ಚಳಿಗಾಲದ ಮುಂಜಾನೆ. ಹಿಂದಿನ ದಿನವೇ ತುಂಬಿಟ್ಟ ಚೀಲವನ್ನು ಹುಮನಾಬಾದ ಬಸ್ಸಿನಲ್ಲಿ ಸೀಟಿನ ಮುಂದೆ ಇಟ್ಟುಕೊಂಡೆ. ಪಕ್ಕದಲ್ಲಿ ಒಬ್ಬ ಅಜ್ಜಿ ಕುಳಿತರು. ಅವರ ಮೊಣಕಾಲು ಚೀಲಕ್ಕೆ ತಗುಲಿತು. ತೆಗೆಯುತ್ತಾರೆ ಅಂದುಕೊಂಡೆ. ಅವರು ಇನ್ನೊಂದು ಮೊಣಕಾಲನ್ನೂ ಒತ್ತಿ ಇಟ್ಟರು. ಊರು ಬರುವವರೆಗೆ ಕಣ್ಣು ಮುಚ್ಚಿ ಕುಳಿತಿದ್ದರು. ಇಳಿಯುವಾಗ ನನ್ನ ತಲೆ ಮೇಲೆ ಕೈಯಿಟ್ಟು, "ಛಲೋ ಸೆಕ ಆತು ನೋಡಪ್ಪಾ. ಏನ್ ಔಷಧ ಅದ ಇದರಾಗ?" ಅಂದರು.

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಕುದುರಿ ಲದ್ದಿರಿ ಆಯಿ," ಅಂದೆ.

ಅಜ್ಜಿ ಸ್ವಲ್ಪ ಯೋಚಿಸಿದರು. "ಇರ್ಲಿ ಬಿಡು. ಮತ್ತ ಯಾವತ್ತ ಬರ್ತಿ?"

ಕುದುರೆಯವರ ಕಾಳಜಿ

ಒಮ್ಮೆ ತಂದ ಲದ್ದಿ ಹದವಾಗಿ ಆರಿತ್ತು, ವಾಸನೆಯೂ ಇರಲಿಲ್ಲ. ನಾನು ತೊಟ್ಟಿಗೆ ಸುರಿಯಲು ಹೊರಟೆ. ಹೆಂಡತಿ ಬುಟ್ಟಿ ಹಿಡಿದು ನಿಲ್ಲಿಸಿದಳು. ಯಾವ ಹೊಸ ಲದ್ದಿಯನ್ನೂ ಮೊದಲು ಸಣ್ಣ ಡಬ್ಬಿಯಲ್ಲಿ ಹಾಕಿ, ನಾಲ್ಕಾರು ಹುಳು ಬಿಟ್ಟು ನೋಡಬೇಕು ಎಂದು ಅವಳ ಅಕ್ಕ ಹೇಳಿದ್ದರು. ಹಾಗೇ ಮಾಡಿದೆವು. ಬೆಳಿಗ್ಗೆ ನೋಡಿದರೆ ಹುಳುಗಳೆಲ್ಲ ಮುಚ್ಚಳಕ್ಕೆ ಅಂಟಿಕೊಂಡಿವೆ.

"ಇವು ಊರು ಬಿಡ್ಲಾಕತ್ತಾವ," ಅಂದಳು. ಅವುಗಳನ್ನು ತೊಳೆದು ಹಳೆಯ ಗೊಬ್ಬರಕ್ಕೆ ಬಿಟ್ಟೆವು, ಬದುಕಿದವು. ಆ ಲದ್ದಿಯನ್ನು ದೂರದ ಮೂಲೆಗೆ ಸರಿಸಿ, ಕುದುರೆಯವರಿಗೆ ಫೋನು ಮಾಡಿದೆ.

ಅವರು ಸಂತೋಷದಿಂದಲೇ ಮಾತಾಡಿದರು. "ಮಾಲು ಬಿಲ್ಕುಲ್ ಸಾಫ್ ಅದಲ್ರಿ? ನಿಮ್ಮ ಹುಳಕ್ಕ ತ್ರಾಸ ಆಗಬಾರದಂತ ನಮ್ಮ ಕುದುರಿಗಿ ಹೊಟ್ಟಿ ಹುಳದ ಔಷಧ ಕುಡಿಸೀನಿ. ಅದರಾಗಿನ ಹುಳ ನಿಮ್ಮ ಹುಳದ ಜೋಡಿ ಜಗಳ ಆಡಿದ್ರ?"

ಕುದುರೆಗೆ ಕೊಟ್ಟ ಔಷಧ ಲದ್ದಿಯಲ್ಲಿಯೂ ಬರುತ್ತದೆ, ನಮ್ಮ ಹುಳುಗಳನ್ನೂ ಕೊಲ್ಲುತ್ತದೆ, ಕುಡಿಸಿದ ಮೇಲೆ ಕೆಲವು ವಾರ ಆ ಲದ್ದಿ ಹಾಕಬಾರದು ಎಂದು ವಿವರಿಸಿದೆ. ಬಹಳ ಹೊತ್ತು ವಿವರಿಸಿದೆ. ಕೊನೆಗೆ, "ಹಂಗಾರ ನಾ ಅವಕ್ಕ ಮಾಫಿ ಕೇಳಬೇಕ್ರಿ," ಅಂದರು.

ತಮಾಷೆ ಅಂದುಕೊಂಡೆ. ಮರುದಿನ ಬಾಳೆಹಣ್ಣಿನ ಗೊನೆ ಹೊತ್ತು ಬಂದೇಬಿಟ್ಟರು. ತೊಟ್ಟಿಯ ಮುಂದೆ ಟೊಪ್ಪಿಗೆ ತೆಗೆದು ನಿಂತರು. ಸಿಪ್ಪೆ ಹುಳುಗಳಿಗೆ ಹೋಯಿತು, ಹಣ್ಣು ನಮಗೆ ಉಳಿಯಿತು. ಅವರು ಹೋದ ಮೇಲೆ ಹೆಂಡತಿ ಅಂದಳು: "ಇಂಥಾ ತಪ್ಪು ವರ್ಷಕ್ಕೊಮ್ಮೆ ಆದ್ರ ನಡೀತದ ಬಿಡ್ರಿ."

ಬಕೆಟ್ ಸಾಹೇಬರು

ಮದುವೆ ಕಾಲದಲ್ಲಿ ಕುದುರೆ ಮನೆಯಲ್ಲಿ ನಿಲ್ಲುವುದೇ ಅಪರೂಪ. ಲದ್ದಿಯೆಲ್ಲ ರಸ್ತೆಪಾಲು. "ಔಷಧದ ವಾರ ಮುಗದಾವ. ನಾಳಿಗಿ ಹುಮನಾಬಾದದಾಗ ಬಾರಾತ್ ಅದ, ಹಿಂದಿಂದ ಬರ್ರಿ," ಅಂದರು ಕುದುರೆಯವರು. ಹೋದೆ. ಮುಂದೆ ಬ್ಯಾಂಡು, ನಡುವೆ ಕುದುರೆಯ ಮೇಲೆ ವರ, ಹಿಂದೆ ಬಕೆಟ್ ಮತ್ತು ಸಲಿಕೆ ಹಿಡಿದ ನಾನು. ಇವನೂ ಬ್ಯಾಂಡಿನವನೇ ಇರಬೇಕೆಂದು ಯಾರೋ ನನ್ನ ತಲೆಗೊಂದು ಕೆಂಪು ಪಟಗಾ ಸುತ್ತಿಬಿಟ್ಟರು. ಬೇಡ ಅನ್ನಲು ಕೈ ಖಾಲಿ ಇರಲಿಲ್ಲ.

ಮಂಟಪದ ಬಾಗಿಲಿಗೆ ಬಂದೆವು. ಆರತಿ ತಟ್ಟೆ ಹಿಡಿದು ನಿಂತ ಹೆಣ್ಣಿನ ಕಡೆಯವರಲ್ಲಿ ನನ್ನ ಹೆಂಡತಿಯ ಅಕ್ಕ ಇದ್ದರು. ನಾನು ಪಟಗಾ ಮುಂದೆ ಎಳೆದುಕೊಂಡೆ. ಅವರು ವರನಿಗೆ ಆರತಿ ಬೆಳಗಿದರು, ಕುದುರೆಯನ್ನು ದಾಟಿ ನೇರ ನನ್ನತ್ತ ಬಂದರು, ಬಕೆಟ್ಟಿನೊಳಗೆ ಇಣುಕಿದರು. ಆರಾಮ ಇದ್ದೀರಾ ಎಂದೂ ಕೇಳಲಿಲ್ಲ.

"ಔಷಧ ಕುಡಿಸ್ಯಾರೇನ್ರಿ ಕುದುರಿಗಿ?"

ನನಗಿಂತ ಮೊದಲು ಕುದುರೆಯವರೇ ಹೇಳಿದರು: "ಇಲ್ರಿ ಅಕ್ಕಾ. ಈಗ ಇವರನ್ನ ಕೇಳದೆ ನಾ ಜ್ವರದ ಗುಳಗಿ ಸುದ್ದಾ ನುಂಗಂಗಿಲ್ಲ."

ಅಂದಿನಿಂದ ಮದುವೆಯವರಿಗೆಲ್ಲ ಅವರು ಹೇಳುತ್ತಾರಂತೆ: "ಕುದುರಿ ಹಿಂದ ಬಕೆಟ್ ಸಾಹೇಬ್ರು ಬರ್ತಾರ. ಅದಕ್ಕ ಬ್ಯಾರೆ ಬಾಡಿಗಿ ಇಲ್ಲ."

ಇಂದು ಬೆಳಿಗ್ಗೆ ಆ ಅಕ್ಕ ನಮ್ಮ ಮನೆಗೆ ಬಂದಿದ್ದಾರೆ. ಕೈಯಲ್ಲಿ ಅಂಥದೇ ಮಣ್ಣಿನ ಗಡಿಗೆ, ಆದರೆ ಖಾಲಿ. ಆ ಮದುವೆಯ ಗಡಿಬಿಡಿಯಲ್ಲಿ ಅವರ ಮನೆಯವರು ಬಿಸಿ ಸಗಣಿ ಸುರಿದು ಒಂದು ಹುಳುವೂ ಉಳಿದಿಲ್ಲವಂತೆ. "ಒಂದು ಮುಷ್ಟಿ ಕೊಡ್ತಿ ಏನವಾ?" ಅಂದರು. ನನ್ನ ಹೆಂಡತಿ ಕಣ್ಣೊರೆಸಿಕೊಂಡು ಗಡಿಗೆ ಕಂಠಮಟ ತುಂಬಿದಳು. ಕುದುರೆಯವರನ್ನು, ಆ ಕುದುರೆಯನ್ನು ಮನಸ್ಸಿನಲ್ಲೇ ನೆನೆದೆ.

ಒಂದು ಮಾತು ಉಳಿಯಿತು. ಲದ್ದಿ ಮುಟ್ಟುವಾಗ ಕೈಗವಸು ಹಾಕಬೇಕು. ಕೈಯಲ್ಲಿ ಗಾಯವಿದ್ದರೆ ಮುಟ್ಟಲೇಬಾರದು, ಧನುರ್ವಾಯುವಿನ ಭಯ. ಆಮೇಲೆ ಸಾಬೂನು ಹಚ್ಚಿ ಉಗುರಿನ ಸಂದಿಯವರೆಗೂ ತೊಳೆಯಬೇಕು. ಆ ಮದುವೆಯಲ್ಲಿ ಊಟಕ್ಕೆ ಕೂಡುವ ಮೊದಲು ನಾನು ಹೇಗೆ ತೊಳೆದೆ ಅಂದರೆ, ಮೊದಲು ಎಡಗೈ...

ಅಕ್ಕ ಕರೆಯುತ್ತಿದ್ದಾರೆ. "ಬಕೆಟ್ ಸಾಹೇಬ್ರ, ಬರದದ್ದು ಸಾಕು ಬರ್ರಿ. ಬಸ್ಸಿನ ಹೊತ್ತಾತು, ಗಡಿಗಿ ಯಾರು ಹೊರಬೇಕು?"

ಹೊರಟೆ. ಆದರೆ ಎಡಗೈಯನ್ನೇ ಮೊದಲು ಯಾಕೆ ತೊಳೆಯಬೇಕು ಅಂದರೆ...