ಮಾವ ಕಳಿಸುತ್ತಿದ್ದ ಸೊನ್ನೆ

ನನ್ನ ಸೋದರಮಾವನಷ್ಟು ನಿಯತ್ತಿನ ವರದಿಗಾರರನ್ನು ಕೊಪ್ಪಳ ಜಿಲ್ಲೆ ಕಂಡಿಲ್ಲ. ಅವರಷ್ಟು ನಿರುಪಯೋಗಿ ವರದಿಗಾರರನ್ನೂ ಕಂಡಿಲ್ಲ! ವರ್ಷದ ಬಹುಪಾಲು ದಿನ ಅವರ ಸುದ್ದಿ ಒಂದೇ: ಸೊನ್ನೆ.

ಸರ್ಕಾರಿ ಕಚೇರಿಯ ಜವಾನರಾಗಿದ್ದಾಗ ಅಂಗಳದ ಮಳೆಮಾಪಕವನ್ನು ದಿನಾ ಬೆಳಿಗ್ಗೆ ಎಂಟೂವರೆಗೆ ನೋಡಿ ಬರೆಯುವುದು ಅವರ ಪಾಲಿನ ಕೆಲಸ. ನಿವೃತ್ತಿಯಾದರೂ ಚಟ ಬಿಡಬೇಕಲ್ಲ? ಹಿಟ್ನಾಳದ ಮನೆಯ ಮಾಳಿಗೆ ಮೇಲೆ ತಗಡಿನ ಡಬ್ಬಿಯಿಟ್ಟು, ಅಳತೆಪಟ್ಟಿ ಅದ್ದಿ ನೋಡತೊಡಗಿದರು. ಅಳತೆ ಕ್ಯಾಲೆಂಡರಿನ ಆಯಾ ತಾರೀಖಿನ ಚೌಕದೊಳಗೆ ಹೋಗುತ್ತಿತ್ತು. ಹಳೆಯ ಕ್ಯಾಲೆಂಡರುಗಳೆಲ್ಲ ಒಂದೇ ಮೊಳೆಗೆ ಜೋತುಬಿದ್ದು ಮೊಳೆ ಬಾಗಿತ್ತು. ಬರೆದ ಕೂಡಲೇ ಕೊಪ್ಪಳದ ಪತ್ರಿಕೆಯೊಂದರ ವರದಿಗಾರನಾದ ನನಗೆ ಫೋನು.

“ಸೊನ್ನಿ. ಬರಕೋ.”

“ಮಾವ, ಮಳಿ ಬರಲಿಲ್ಲ ಅನ್ನೋದು ಹೆಂಗ ಸುದ್ದಿ ಆಗತೈತ್ರಿ?”

“ಸೊನ್ನಿ ಬರದ್ರ ನೋಡೀವಿ, ಮಳಿ ಬಂದಿಲ್ಲ ಅಂತ. ಖಾಲಿ ಬಿಟ್ರ ಯಾರೂ ನೋಡಿಲ್ಲ ಅಂತ. ನಿಮ್ಮ ಪೇಪರಿನ ತುಂಬ ಬರೀ ಖಾಲೀನ ಐತಲ್ಲೋ!”

ಸುಳ್ಳೇನಲ್ಲ. ನಾಲ್ಕು ಹನಿ ಜೋರಾದರೆ ‘ಜಲಪ್ರಳಯ’, ಬಿಸಿಲೇರಿದರೆ ‘ಬೆಂಕಿ ಮಳೆ’. ನಡುವಿನ ತಿಂಗಳುಗಳಲ್ಲಿ ಆಕಾಶಕ್ಕೂ ನಮಗೂ ಮಾತುಕತೆಯೇ ಇಲ್ಲ!

ಒಂದು ದಿನ ಮಾವ ಕ್ಯಾಲೆಂಡರುಗಳನ್ನೆಲ್ಲ ನೆಲದ ಮೇಲೆ ಹರಡಿದರು. “ಮೊದಲ ಹಂಚಿಕೊಂಡು ಬರತಿತ್ತು. ಈಗ ಒಮ್ಮಿಗೇ ಸುರದು ಹೋಗತೈತಿ, ಮುಂದೆಲ್ಲ ಸೊನ್ನಿ. ಇಷ್ಟು ಪೇಪರಿನಾಗ ಹಾಕಸಿಬಿಡು. ನಾ ಇರೂತನಕ ಒಮ್ಮಿ ನೋಡತೀನಿ.”

ಹುರುಪಿನಿಂದ ಬರೆದೆ. ಪರಿಸರ ವಿಶೇಷ ಪುಟಕ್ಕೆಂದು ಫೋಟೊಗ್ರಾಫರನೂ ಬಂದ.

“ಅಜ್ಜಾರ, ಹಣಿಮ್ಯಾಲ ಕೈ ಇಟ್ಟು ಮುಗಿಲ ನೋಡ್ರಿ.”

“ಮ್ಯಾಲ ಏನೈತಿ? ಮಳಿ ನೋಡಾಕ ಕೆಳಗ ನೋಡಬೇಕು, ಡಬ್ಬ್ಯಾಗ!”

ಕೊನೆಗೂ ಕೈ ಇಡಿಸಿದ. ಪುಟ ಬಂತು. ನನ್ನ ಬರಹದ ಜಾಗದಲ್ಲಿ ಎಸಿ ಜಾಹೀರಾತು! ಉಳಿದದ್ದು ಫೋಟೊ ಮಾತ್ರ: ‘ಮುಗಿಲತ್ತ ದಿಟ್ಟಿಸುತ್ತಿರುವ ಬಡ ರೈತ’. ಗೇಣು ಹೊಲವಿಲ್ಲದ ಪಿಂಚಣಿದಾರ ರೈತರಾದರು. ಮರುದಿನ ತಾವರಗೇರಾದ ಬೀಗರು ಅಯ್ಯೋ ಪಾಪ ಎಂದು ಜೋಳದ ಚೀಲ ಹೊತ್ತು ಬಂದರು!

ಮಾವ ಪುಟವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ನನ್ನ ಸೊನ್ನಿ ಎಲ್ಲಿ?” ಎಂದರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಆ ಫೋಟೊವನ್ನು ಮುಂದೆ ನೆರೆ ಹಾವಳಿಯ ಸುದ್ದಿಗೂ ಬಳಸಿದರು, ನಾನು ಸುಮ್ಮನಿದ್ದೆ. ಮಾವ ಮಾತ್ರ ಎಂಟೂವರೆಯ ಫೋನು ತಪ್ಪಿಸಲಿಲ್ಲ.

ಕಳೆದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಆರಕ್ಕೇ ಫೋನು ಬಂತು, ಅತ್ತೆಯದು. ಮಾವ ಮಲಗಿದಲ್ಲೇ ಹೋಗಿಬಿಟ್ಟಿದ್ದರು. ಹಿಂದಿನ ಸಂಜೆಯಿಂದ ಹಿಡಿದ ಮಳೆ ಆಗಷ್ಟೇ ನಿಂತಿತ್ತು. ನಾನು ತಲುಪುವಷ್ಟರಲ್ಲಿ ಸ್ನಾನ ಮಾಡಿಸುತ್ತಿದ್ದರು. ಗಡಿಬಿಡಿಯಲ್ಲಿ ತಂಬಿಗೆ ಸಿಗದೆ ಯಾರೋ ಮಾಳಿಗೆ ಮೇಲಿನ ಡಬ್ಬಿಯನ್ನೇ ತಂದು, ಅದರಲ್ಲಿದ್ದ ನೀರನ್ನು ಮಾವನ ತಲೆಯ ಮೇಲೆ ಹೊಯ್ದಿದ್ದರು.

ಅಷ್ಟರಲ್ಲಿ ಪತ್ರಿಕೆ ಕಚೇರಿಯ ಫೋನು. “ಹಿಟ್ನಾಳ ಕಡೆ ಭಾರೀ ಮಳಿಯಂತ. ಎಷ್ಟಾತು? ಅಂದಾಜು ಏನರ ಹೇಳ್ರಿ.”

ಮಳೆಯ ಲೆಕ್ಕವನ್ನು ಅವರು ಕೇಳಿದ್ದು ಅದೇ ಮೊದಲು.

“ಯಾರೂ ನೋಡಿಲ್ರಿ” ಎಂದೆ. ಆ ತಾರೀಖಿನ ಚೌಕ ಈಗಲೂ ಖಾಲಿ ಇದೆ.